ಮೋಟಾರ್ ಸೈಕಲ್ಲಿನ ಎಣ್ಣೆ ಸೋರುವುದೆಲ್ಲಿಂದ?

ನಮ್ಮ ಚಿಲಮತ್ತೂರಿನಿಂದ ಹಿಂದೂಪುರಕ್ಕೋ, ಲೇಪಾಕ್ಷಿಗೋ, ಗಡಿಯಾಚೆಯ ಬಾಗೇಪಲ್ಲಿಗೋ ಹೋಗಿಬರಲು ಹಳೆಯ ಮೋಟಾರ್ ಸೈಕಲ್ಲನ್ನೇ ನೆಚ್ಚಿಕೊಂಡವರು ಇಂದಿಗೂ ಇದ್ದಾರೆ. ರಾತ್ರಿ ಗಾಡಿ ನಿಲ್ಲಿಸಿದ ಕಡೆ ಬೆಳಿಗ್ಗೆ ಎಣ್ಣೆಯ ಕಲೆ ಕಂಡರೆ, ‘ಹಳೇ ಗಾಡಿ, ಸೋರುವುದು ಸಹಜ’ ಎಂದು ಸುಮ್ಮನಾಗುವುದುಂಟು. ಇದು ಸರಿಯಲ್ಲ. ಎಂಜಿನ್ನಿನಲ್ಲಿ ಎಣ್ಣೆ ತೀರಾ ಕಡಿಮೆಯಾದರೆ ಲೋಹಕ್ಕೆ ಲೋಹ ಉಜ್ಜಿ, ಕಾದು, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಸೋರಿದ ಎಣ್ಣೆ ಹಿಂದಿನ ಟೈರಿಗೆ ತಗುಲಿದರೆ ತಿರುವಿನಲ್ಲಿ ಗಾಡಿ ಜಾರುತ್ತದೆ.

ಹಾಗಾದರೆ ಎಣ್ಣೆ ಸೋರುವ ಜಾಗವನ್ನು ಕಂಡುಹಿಡಿಯುವುದು ಹೇಗೆ? ಮೊದಲು ನೆನಪಿಡಬೇಕಾದ ಮಾತು: ಎಣ್ಣೆ ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ. ಎಣ್ಣೆಯು ತನ್ನ ಭಾರದಿಂದ ಕೆಳಕ್ಕೆ ಇಳಿಯುತ್ತದೆ. ಗಾಡಿ ಓಡುವಾಗ ಗಾಳಿಯು ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ಹನಿ ಕಂಡಲ್ಲಿಂದ ಮೇಲಕ್ಕೂ ಮುಂದಕ್ಕೂ ಹುಡುಕುತ್ತಾ ಹೋಗಬೇಕು.

ಎಂಜಿನ್ ತಣ್ಣಗಾದ ಮೇಲೆ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಹಳೆಯ ಜಿಡ್ಡನ್ನೆಲ್ಲ ಒರೆಸಿ, ಒಣಗಲು ಬಿಡಿ. ಅನುಮಾನವಿರುವ ಕಡೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿ. ಕೆಳಗೆ ಹಳೆಯ ಪತ್ರಿಕೆ ಹಾಸಿ, ಚಕ್ರಗಳಿರುವ ಜಾಗವನ್ನು ಅದರ ಮೇಲೆ ಗುರುತು ಮಾಡಿ. ಬಯಲಿನಲ್ಲಿ ಐದು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಟಾರ್ಚ್ ಹಿಡಿದು ನೋಡಿ. ಪೌಡರ್ ಮೊದಲು ಒದ್ದೆಯಾದ ಜಾಗವೇ ಸೋರುವ ಜಾಗ. ಈ ಕೆಲಸವನ್ನು ಹಿರಿಯರು ಮಾಡಲಿ. ಮಕ್ಕಳು ಬಿಸಿ ಸೈಲೆನ್ಸರ್ ಮುಟ್ಟದೆ, ನೋಡಿ ಕಲಿಯಲಿ.

ಯಾವ ಎಣ್ಣೆ ಸೋರುತ್ತಿದೆ ಎಂಬುದೂ ಮುಖ್ಯ. 1955ರಲ್ಲಿ ಮದ್ರಾಸಿನಲ್ಲಿ ಸ್ಥಾಪನೆಯಾದ ಎನ್‌ಫೀಲ್ಡ್ ಇಂಡಿಯಾದ ಹಳೆಯ ಬುಲೆಟ್ಟಿನಲ್ಲಿ ಎಂಜಿನ್, ಗೇರ್ ಬಾಕ್ಸ್, ಎಡಗಡೆಯ ಚೈನ್ ಕೇಸ್ ಇವು ಮೂರಕ್ಕೂ ಬೇರೆ ಬೇರೆ ಎಣ್ಣೆ. ಚೈನ್ ಕೇಸಿನ ಮುಚ್ಚಳವನ್ನು ನಡುವಿನ ಒಂದೇ ನಟ್ಟು ಹಿಡಿದಿರುತ್ತದೆ. ಒಳಗಿನ ರಬ್ಬರ್ ಗಟ್ಟಿಯಾದರೆ ಅಲ್ಲಿ ಎಣ್ಣೆ ಜಿನುಗುತ್ತದೆ.

ಸೋರಿದೊಡನೆ ಬೋಲ್ಟುಗಳನ್ನೆಲ್ಲ ಬಲವಾಗಿ ಬಿಗಿಯುವುದು ಅನೇಕರ ರೂಢಿ. ಇದರಿಂದ ಅಲ್ಯೂಮಿನಿಯಂ ಭಾಗದ ಮರೆ ಸವೆದು ಹೋಗುತ್ತದೆಯೇ ಹೊರತು ಕಾರಣ ಹೋಗುವುದಿಲ್ಲ. ಪಿಸ್ಟನ್ ಕೆಳಗಿಳಿದಾಗ ಅದರ ಅಡಿಯ ಗಾಳಿ ಒತ್ತಲ್ಪಡುತ್ತದೆ. ಆ ಗಾಳಿ ಹೊರಹೋಗಲು ಒಂದು ಬ್ರೀದರ್ ಪೈಪ್ ಇದೆ. ಅದು ಕಸದಿಂದ ಕಟ್ಟಿಕೊಂಡರೆ ಗಾಳಿಯ ಒತ್ತಡವೇ ಎಣ್ಣೆಯನ್ನು ಪ್ಯಾಕಿಂಗಿನ ಸಂದಿಯಿಂದ ಹೊರಗೆ ನೂಕುತ್ತದೆ. ಪೈಪ್ ಸ್ವಚ್ಛಮಾಡದೆ ಹೊಸ ಪ್ಯಾಕಿಂಗ್ ಹಾಕಿದರೆ ಅದೂ ಬಹುದಿನ ಬಾಳದು.

ಇನ್ನೊಂದು ಎಚ್ಚರಿಕೆ. ಹಳೆಯ ಬುಲೆಟ್ ಹಲವು ದಿನ ನಿಂತಿದ್ದರೆ ಎಣ್ಣೆಯು ತನ್ನ ಕೋಣೆಯಿಂದ ಕ್ರ್ಯಾಂಕಿನ ಕೆಳಗೆ ಇಳಿದಿರುತ್ತದೆ. ಆಗ ಅಳೆದರೆ ಕಡಿಮೆ ಕಾಣುತ್ತದೆ. ಅದನ್ನು ನಂಬಿ ಮತ್ತಷ್ಟು ಸುರಿದರೆ, ಹೆಚ್ಚಾದದ್ದು ಬ್ರೀದರ್ ಪೈಪಿನಿಂದ ಹೊರಬರುತ್ತದೆ. ಇದು ಸೋರಿಕೆಯಲ್ಲ, ಅಳತೆಯ ದೋಷ. ಕೆಲವು ನಿಮಿಷ ಎಂಜಿನ್ ಓಡಿಸಿದ ಮೇಲೆಯೇ ಅಳೆಯಬೇಕು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳ ವಿಷಯ ಬೇರೆ. ಇವು ಟೂ ಸ್ಟ್ರೋಕ್ ಗಾಡಿಗಳು. ಎಂಜಿನ್ನಿನ ಎಣ್ಣೆ ಪೆಟ್ರೋಲಿನೊಡನೆ ಬೆರೆತು ಉರಿದುಹೋಗುತ್ತದೆ. ಆದುದರಿಂದ ನೆಲಕ್ಕೆ ಬೀಳುವುದು ಸಾಮಾನ್ಯವಾಗಿ ಗೇರ್ ಬಾಕ್ಸಿನ ಎಣ್ಣೆ. ಇವುಗಳಲ್ಲಿ ಗೇರ್ ಲಿವರೇ ಕಿಕ್ಕರ್ ಕೂಡ ಆದುದರಿಂದ, ಅದರ ಶಾಫ್ಟಿನ ಸುತ್ತ ಮೊದಲು ನೋಡಬೇಕು. ನೆಲದ ಮೇಲೆ ಒಂದು ಹನಿಯೂ ಇಲ್ಲದೆ ಗೇರ್ ಎಣ್ಣೆ ಕಡಿಮೆಯಾಗುತ್ತಾ, ಸೈಲೆನ್ಸರಿನಿಂದ ಬಿಳಿ ಹೊಗೆ ದಟ್ಟವಾಗಿ ಬಂದರೆ, ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಸವೆದು ಎಂಜಿನ್ನೇ ಆ ಎಣ್ಣೆಯನ್ನು ಹೀರುತ್ತಿರಬಹುದು. ಕಣ್ಣಿಗೆ ಕಾಣದ ಸೋರಿಕೆ ಎಂದರೆ ಇದೇ. ಇದನ್ನು ಬಲ್ಲ ಮೆಕ್ಯಾನಿಕ್ಕಿಗೆ ಬೇಗ ತೋರಿಸಬೇಕು.

ಬದಲಾಯಿಸಿದ ಹಳೆಯ ಎಣ್ಣೆಯನ್ನು ಬಾವಿ, ಕಾಲುವೆಗಳ ಬಳಿ ಚೆಲ್ಲಬಾರದು. ಮಳೆ ಕಡಿಮೆಯಾದ ನಮ್ಮ ಸೀಮೆಯಲ್ಲಿ ನೀರಿಗಿಂತ ದೊಡ್ಡ ಸಂಪತ್ತಿಲ್ಲ. ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ಸಂಗ್ರಹಿಸುವ ವರ್ಕ್‌ಶಾಪಿಗೆ ಕೊಡಿ.

ವಿದ್ಯಾರ್ಥಿ ಮಿತ್ರರೇ, ಭಾರ, ಗಾಳಿ, ಒತ್ತಡ ಇವೆಲ್ಲ ನಮ್ಮ ವಿಜ್ಞಾನ ಪಾಠದ ಮಾತುಗಳೇ. ನಾಳೆ ಮನೆಯಂಗಳದಲ್ಲಿ ಎಣ್ಣೆಯ ಕಲೆ ಕಂಡರೆ ಸ್ಪ್ಯಾನರ್ ಹುಡುಕುವ ಮೊದಲು ಕಾರಣ ಹುಡುಕಿ, ತಂದೆಯವರಿಗೂ ತಿಳಿಸಿ.