ನೆಟ್ಟಿಗೆ ಹೊಡೆದ ಚೆಂಡು ಎಷ್ಟು ದೂರ ಹೋಯಿತು?

ನೆಟ್ ಕಟ್ಟಿಕೊಂಡು ಮನೆಯಲ್ಲೇ ಗಾಲ್ಫ್ ಅಭ್ಯಾಸ ಮಾಡುವವರಿಗೆಲ್ಲ ಒಂದೇ ತೊಡಕು. ಚೆಂಡು ಹತ್ತು ಅಡಿ ಹೋಗಿ ಬಲೆಗೆ ಬಡಿದು ಕೆಳಗೆ ಬೀಳುತ್ತದೆ. ಬಲೆ ಇರದಿದ್ದರೆ ಅದು 150 ಯಾರ್ಡ್ ಹೋಗುತ್ತಿತ್ತೋ 120ಕ್ಕೇ ಬೀಳುತ್ತಿತ್ತೋ, ನೆಟ್ಟಗೆ ಹಾರುತ್ತಿತ್ತೋ ಬಲಕ್ಕೆ ತಿರುಗಿ ಪೊದೆ ಸೇರುತ್ತಿತ್ತೋ, ಹೇಳುವವರಿಲ್ಲ. ಇದನ್ನು ಹೇಳಲೆಂದೇ ಇರುವ ಉಪಕರಣ ಲಾಂಚ್ ಮಾನಿಟರ್. ಚೆಂಡು ಕ್ಲಬ್ಬಿನಿಂದ ಹೊರಟ ಮೊದಲ ಕ್ಷಣವನ್ನು ನೋಡಿ, ಮುಂದಿನ ಹಾರಾಟವನ್ನು ಅದು ಲೆಕ್ಕ ಹಾಕುತ್ತದೆ.

ಟಿ.ವಿ.ಯಲ್ಲಿ ದೊಡ್ಡ ಆಟಗಾರರ ಹಿಂದೆ ಕಾಣುವ ಡೆನ್ಮಾರ್ಕಿನ ಟ್ರ್ಯಾಕ್‌ಮ್ಯಾನ್ ಬೇಕೆಂದರೆ 20,000 ಡಾಲರ್ ದಾಟುತ್ತದೆ. ಅದು ಅಕಾಡೆಮಿಗಳ ಮಾತು. ಕಳೆದ ಕೆಲವು ವರ್ಷಗಳಲ್ಲಿ ಅದೇ ಕೆಲಸವನ್ನು ಒಂದು ಮಟ್ಟಿಗೆ ಮಾಡುವ ಪುಟ್ಟ ಪೆಟ್ಟಿಗೆಗಳು 200ರಿಂದ 700 ಡಾಲರ್‌ಗೆ ಬಂದಿವೆ. ಪೆಟ್ಟಿಗೆಯ ಮೇಲೆ 'ಹದಿನಾಲ್ಕು ಬಗೆಯ ಮಾಹಿತಿ', 'ಹದಿನೈದು ಬಗೆಯ ಮಾಹಿತಿ' ಎಂದು ಬರೆದಿರುತ್ತದೆ. ಆ ಪಟ್ಟಿಗೆ ಮರುಳಾಗಬೇಡಿ. ಅದರಲ್ಲಿ ಯಂತ್ರ ನಿಜವಾಗಿ ಅಳೆಯುವುದು ಯಾವುದು, ಊಹಿಸುವುದು ಯಾವುದು ಎಂದು ಬಿಡಿಸಿಕೊಂಡರೆ ಆಯ್ಕೆಯ ಮುಕ್ಕಾಲು ಕೆಲಸ ಮುಗಿದಂತೆ.

ಅಳೆಯುವ ಬಗೆ ಎರಡು: ರೇಡಾರ್ ಮತ್ತು ಕ್ಯಾಮೆರಾ.

ರೇಡಾರ್ ಎಂದರೆ ಹೆದ್ದಾರಿಯಲ್ಲಿ ಪೊಲೀಸರು ವಾಹನದ ವೇಗ ಹಿಡಿಯುವ ಗನ್ನಿನ ಜಾತಿಯದೇ. ಪೆಟ್ಟಿಗೆ ಸೂಕ್ಷ್ಮ ತರಂಗಗಳನ್ನು ಕಳಿಸುತ್ತದೆ, ಅವು ಚೆಂಡಿಗೆ ತಾಗಿ ಮರಳುವಾಗ ಆವರ್ತನ ತುಸು ಬದಲಾಗಿರುತ್ತದೆ. ಆ ಬದಲಾವಣೆಯೇ ವೇಗ. 24 ಗಿಗಾಹರ್ಟ್ಸ್ ರೇಡಾರ್‌ನಿಂದ ಗಂಟೆಗೆ 120 ಮೈಲಿ ವೇಗದಲ್ಲಿ ದೂರ ಸರಿಯುವ ಚೆಂಡನ್ನು ನೋಡಿದರೆ ವ್ಯತ್ಯಾಸ ಸುಮಾರು 8,600 ಹರ್ಟ್ಸ್. ಅಳೆಯಲು ಇದು ಸುಲಭದ ಸಂಖ್ಯೆ. ಹಾಗಾಗಿ ಎಷ್ಟೇ ಅಗ್ಗದ ರೇಡಾರ್ ಆದರೂ ಬಾಲ್ ಸ್ಪೀಡನ್ನು ಚೆನ್ನಾಗಿಯೇ ಹೇಳುತ್ತದೆ. ಅಂದಹಾಗೆ, ಲಾಂಚ್ ಮಾನಿಟರ್ ತಯಾರಿಸುವ ಫ್ಲೈಟ್‌ಸ್ಕೋಪ್ ಕಂಪನಿಯನ್ನು ಕಟ್ಟಿದ ದಕ್ಷಿಣ ಆಫ್ರಿಕಾದ ಹೆನ್ರಿ ಜಾನ್ಸನ್ ಗಾಲ್ಫಿಗೆ ಬರುವ ಮುಂಚೆ ಕ್ರಿಕೆಟ್ ಬೌಲರ್‌ಗಳ ವೇಗ ಅಳೆಯುವ ರೇಡಾರ್ ಮಾಡಿದವರು.

ಕ್ಯಾಮೆರಾದ ಉಪಕರಣ ಚೆಂಡಿನ ಪಕ್ಕದಲ್ಲಿ ಕೂರುತ್ತದೆ. ಚೆಂಡು ಹೊರಟ ಕೂಡಲೇ ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಸರಸರನೆ ಚಿತ್ರ ತೆಗೆದು, ಎರಡು ಚಿತ್ರಗಳ ನಡುವೆ ಚೆಂಡು ಎಷ್ಟು ಸರಿಯಿತು, ಎಷ್ಟು ಏರಿತು, ಎಷ್ಟು ಸುತ್ತಿತು ಎಂದು ನೋಡುತ್ತದೆ. ಚೆಂಡು ಆಮೇಲೆ ಎಷ್ಟು ದೂರ ಹಾರಿತೆಂಬುದು ಅದಕ್ಕೆ ಬೇಕಿಲ್ಲ.

ಈ ವ್ಯತ್ಯಾಸ ಮನೆಯೊಳಗೆ ಏಕೆ ಮುಖ್ಯ ಎನ್ನುವುದು ಸ್ಪಿನ್ ವಿಷಯಕ್ಕೆ ಬಂದಾಗ ತಿಳಿಯುತ್ತದೆ. ಟ್ರ್ಯಾಕ್‌ಮ್ಯಾನ್ ಹಿಂದೆ ಪ್ರಕಟಿಸಿದ ಪಿಜಿಎ ಟೂರ್ ಸರಾಸರಿಯನ್ನೇ ತೆಗೆದುಕೊಳ್ಳಿ. ಡ್ರೈವರ್‌ನಲ್ಲಿ ಚೆಂಡಿನ ವೇಗ ಗಂಟೆಗೆ 167 ಮೈಲಿ, ಸ್ಪಿನ್ ನಿಮಿಷಕ್ಕೆ 2,686 ಸುತ್ತು. ಟೀಯಿಂದ ನೆಟ್ಟಿಗೆ ಮೂರು ಮೀಟರ್ ಇದ್ದರೆ ಆ ಚೆಂಡು ಗಾಳಿಯಲ್ಲಿರುವುದು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ. ಅಷ್ಟರಲ್ಲಿ ಅದು ಎರಡು ಸುತ್ತನ್ನೂ ಪೂರ್ತಿ ಸುತ್ತಿರುವುದಿಲ್ಲ! ಮೈದಾನದಲ್ಲಿ ಚೆಂಡು ಹಾರುತ್ತಲೇ ಇರುತ್ತದೆ, ರೇಡಾರ್‌ಗೆ ನೋಡಲು ನೂರಾರು ಸುತ್ತು ಸಿಗುತ್ತವೆ. ಮನೆಯಲ್ಲಿ ಅದರ ಪಾಲಿಗೆ ಬರುವುದು ಒಂದೂ ಮುಕ್ಕಾಲು ಸುತ್ತು. ಸೆವೆನ್ ಐರನ್‌ಗೆ ಪರಿಸ್ಥಿತಿ ಕೊಂಚ ಮೇಲು: ಸರಾಸರಿ 120 ಮೈಲಿ ವೇಗ, 7,097 ಸುತ್ತು, ಅದೇ ಮೂರು ಮೀಟರಿನಲ್ಲಿ ಆರೂವರೆ ಸುತ್ತು.

ಇಷ್ಟು ಕಡಿಮೆ ಸಮಯದಲ್ಲಿ ಗುರುತಿಲ್ಲದ ಬಿಳಿ ಚೆಂಡಿನ ತಿರುಗಾಟವನ್ನು ಹಿಡಿಯುವುದು, ಹೊಲಿಗೆ ಇಲ್ಲದ ಕ್ರಿಕೆಟ್ ಚೆಂಡಿನಲ್ಲಿ ಗೂಗ್ಲಿ ಓದಲು ಹೊರಟಂತೆ. ಅದಕ್ಕೇ ತಯಾರಕರು ಚೆಂಡಿಗೆ ಗುರುತು ಹಾಕುವ ಉಪಾಯ ಹೂಡಿದ್ದಾರೆ. ಫ್ಲೈಟ್‌ಸ್ಕೋಪ್‌ನ ಮೀವೋ ಚೆಂಡಿನ ಮೇಲೆ ಪುಟ್ಟ ಲೋಹದ ಚುಕ್ಕಿಯ ಸ್ಟಿಕ್ಕರ್ ಅಂಟಿಸಲು ಹೇಳುತ್ತದೆ. ಚುಕ್ಕಿ ಸುತ್ತಿದಾಗಲೆಲ್ಲ ರೇಡಾರ್‌ಗೆ ಹೆಚ್ಚು ಬಲದ ಪ್ರತಿಫಲನ ಸಿಗುತ್ತದೆ. ರ್‍ಯಾಪ್ಸೋಡೊದ ಎಂಎಲ್‌ಎಂ2ಪ್ರೋ ರೇಡಾರ್ ಜೊತೆಗೆ ಕ್ಯಾಮೆರಾವನ್ನೂ ಇಟ್ಟುಕೊಂಡು, ವಿಶೇಷ ಚಿತ್ತಾರ ಮುದ್ರಿಸಿದ ಚೆಂಡಿನಿಂದ ಸ್ಪಿನ್ ಓದುತ್ತದೆ. ಗುರುತಿಲ್ಲದ ಚೆಂಡನ್ನು ಅಗ್ಗದ ರೇಡಾರ್ ಮುಂದೆ ನೆಟ್ಟಿಗೆ ಹೊಡೆದರೂ ಪರದೆಯ ಮೇಲೆ ಸ್ಪಿನ್ ಸಂಖ್ಯೆ ಬರುತ್ತದೆ. ಆದರೆ ಅದು ಬಹುಪಾಲು ಈ ವೇಗಕ್ಕೆ, ಈ ಕೋನಕ್ಕೆ, ಈ ಕ್ಲಬ್ಬಿಗೆ ಇಷ್ಟಿರಬೇಕು ಎಂಬ ಅಂದಾಜು. ಕ್ಲಬ್ ಚೆಂಡಿನ ತಲೆಗೆ ತಾಗಿ ನೆಲಕ್ಕಂಟಿ ಓಡಿದ ಶಾಟಿಗೂ ಸೊಗಸಾದ ಸ್ಪಿನ್ ತೋರಿಸಿದರೆ ಆಶ್ಚರ್ಯಪಡಬೇಡಿ.

ಸ್ಪಿನ್ ಅಂದಾಜಾದರೆ ಕ್ಯಾರಿಯೂ, ಅಂದರೆ ನೆಲ ಮುಟ್ಟುವ ಮೊದಲು ಚೆಂಡು ಹಾರುವ ದೂರವೂ, ಅಂದಾಜೇ. ಕ್ಯಾರಿಯನ್ನು ನೆಟ್ಟಿನ ಮುಂದೆ ಯಾವ ಯಂತ್ರವೂ ಅಳೆಯುವುದಿಲ್ಲ. ಚೆಂಡಿನ ವೇಗ, ಲಾಂಚ್ ಆ್ಯಂಗಲ್, ಸ್ಪಿನ್ ಮೂರನ್ನೂ ಸೂತ್ರಕ್ಕೆ ಹಾಕಿ ತೆಗೆಯುತ್ತದೆ. ಐರನ್‌ಗಳಲ್ಲಿ ಈ ಅಂದಾಜು ಸಾಕಷ್ಟು ನಂಬಬಹುದಾದದ್ದು. ಡ್ರೈವರ್‌ನಲ್ಲಿ ಸ್ಪಿನ್ ಸಾವಿರ ಹೆಚ್ಚುಕಡಿಮೆಯಾದರೆ ಕ್ಯಾರಿ ಎದ್ದು ಕಾಣುವಷ್ಟು ಬದಲಾಗುತ್ತದೆ. ಕ್ಲಬ್ ಫೇಸ್ ಎಷ್ಟು ತೆರೆದಿತ್ತು ಎಂಬ ಸಂಖ್ಯೆಯದೂ ಇದೇ ಕಥೆ. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ಫೇಸ್ ನಿರ್ಧರಿಸುತ್ತದೆ ಎಂಬ ತತ್ವ ಹಿಡಿದು, ಅಗ್ಗದ ಉಪಕರಣ ದಿಕ್ಕಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತದೆ. ಶಾಟ್ ಫೇಸಿನ ನಡುಮಧ್ಯಕ್ಕೆ ಬಡಿಯದಿದ್ದರೆ ಆ ಲೆಕ್ಕ ಜಾರುತ್ತದೆ. ಸ್ಲೈಸ್ ತಿದ್ದಿಕೊಳ್ಳಬೇಕೆಂದು ಈ ಒಂದು ಸಂಖ್ಯೆಯ ಬೆನ್ನು ಹತ್ತಿದವರು ಸ್ವಿಂಗನ್ನೇ ಕೆಡಿಸಿಕೊಳ್ಳಬಹುದು.

ಇನ್ನು ಜಾಗ. ನನ್ನ ಮಟ್ಟಿಗೆ ಬಜೆಟ್ಟಿಗಿಂತ ಮೊದಲು ಟೇಪು ಹಿಡಿದು ಜಾಗ ಅಳೆಯಬೇಕು. ಗಾರ್ಮಿನ್ ಆರ್10, ಎಂಎಲ್‌ಎಂ2ಪ್ರೋ ತರಹದ ರೇಡಾರ್ ಉಪಕರಣಗಳು ಚೆಂಡಿನ ಹಿಂದೆ ಸುಮಾರು ಆರರಿಂದ ಎಂಟು ಅಡಿ ದೂರದಲ್ಲಿ ಕೂರಬೇಕು, ಚೆಂಡಿನ ಮುಂದೆ ನೆಟ್ಟಿಗೆ ಕನಿಷ್ಠ ಎಂಟು ಅಡಿ ಬೇಕು. ನೆಟ್ಟಿನ ಹಿಂದೆ ಒಂದೆರಡು ಅಡಿ ಬಿಟ್ಟರೆ ಒಟ್ಟು ಉದ್ದ ಹದಿನೇಳು ಹದಿನೆಂಟು ಅಡಿ. ಮೂವತ್ತು-ನಲವತ್ತರ ಸೈಟಿನ ಮನೆಯ ಹಾಲ್‌ನಲ್ಲಿ ಸೋಫಾ ಸರಿಸಿದರೂ ಇದು ಕಷ್ಟ; ತಾರಸಿಯಲ್ಲಿ ಸಲೀಸು. ಹತ್ತು ಅಡಿಯ ಛಾವಣಿಯ ಕೆಳಗೆ ಎತ್ತರದವರಿಗೆ ಡ್ರೈವರ್ ಬೀಸಲು ಧೈರ್ಯ ಬರುವುದಿಲ್ಲ, ಐರನ್‌ಗೆ ಅಡ್ಡಿಯಿಲ್ಲ. ಜಾಗ ಚಿಕ್ಕದಿದ್ದರೆ ಪಕ್ಕದಲ್ಲಿ ಕೂರುವ ಕ್ಯಾಮೆರಾ ಉಪಕರಣವೇ ಸರಿ, ಹಿಂದಿನ ಎಂಟು ಅಡಿ ಉಳಿಯುತ್ತದೆ.

ತಾರಸಿಯ ತೊಂದರೆ ಬೇರೆ. ನೇರ ಬಿಸಿಲು ಬಿದ್ದರೆ ಕ್ಯಾಮೆರಾಗಳು ತಡವರಿಸುತ್ತವೆ, ರೇಡಾರ್‌ಗೆ ಬಿಸಿಲಿನ ಹಂಗಿಲ್ಲ. ಮನೆಯೊಳಗೆ ತಿರುಗುಮುರುಗು: ತಿರುಗುವ ಸೀಲಿಂಗ್ ಫ್ಯಾನು ರೇಡಾರ್‌ಗೆ ಚಲಿಸುವ ವಸ್ತುವೇ, ಹಳೆಯ ಟ್ಯೂಬ್‌ಲೈಟೂ ಅದಕ್ಕೆ ಗೊಂದಲ ತರುತ್ತದೆ. ಎರಡನ್ನೂ ಆಫ್ ಮಾಡಿ. ಮನೆಯಲ್ಲಿ ಒಬ್ಬರು ಬಲಗೈ, ಇನ್ನೊಬ್ಬರು ಎಡಗೈ ಆಟಗಾರರಾದರೆ ಹಿಂದೆ ಕೂರುವ ಉಪಕರಣ ಒಳ್ಳೆಯದು. ಪಕ್ಕದ್ದನ್ನು ಪ್ರತಿ ಸಲವೂ ಎತ್ತಿ ಆಚೆಗಿಡಬೇಕು. ಎಲ್ಲಕ್ಕಿಂತ ಮೊದಲು ನೆಟ್ಟು. 46 ಗ್ರಾಮಿನ ಚೆಂಡು ಪ್ಯಾರಾಪೆಟ್ ಹಾರಿ ಪಕ್ಕದ ಮನೆಯ ಕಿಟಕಿಗೆ ಹೋದರೆ ಲಾಂಚ್ ಮಾನಿಟರ್‌ನ ಬೆಲೆಯ ಚರ್ಚೆ ಬೇರೆ ದಾರಿ ಹಿಡಿಯುತ್ತದೆ. ತಾರಸಿಯಲ್ಲಿ ಮುಂದಿನ ಬಲೆಯಷ್ಟೇ ಸಾಲದು, ಎರಡು ಪಕ್ಕ ಮತ್ತು ಮೇಲೂ ಬೇಕು.

ಇಷ್ಟಾದ ಮೇಲೆ ಯಾವುದನ್ನು ಕೊಳ್ಳಬೇಕು?

ಬೇಕಿರುವುದು ವೇಗ ಮತ್ತು ಸುಮಾರಾದ ದೂರ ಮಾತ್ರವಾದರೆ ಜಪಾನಿನ ಪಿಆರ್‌ಜಿಆರ್‌ನ ಕಪ್ಪು ಪೆಟ್ಟಿಗೆ ಸಾಕು. ಯೋಕೊಹಾಮಾ ಟೈರ್ ಮಾಡುವ ಕಂಪನಿಯದೇ ಬ್ರ್ಯಾಂಡ್ ಅದು. ಬೆಲೆ 200 ಡಾಲರ್ ಚಿಲ್ಲರೆ. ಫೋನ್ ಬೇಡ, ಆ್ಯಪ್ ಬೇಡ, ಚಂದಾ ಬೇಡ. ಹೊಡೆದರೆ ಪರದೆಯ ಮೇಲೆ ಕ್ಲಬ್ಬಿನ ವೇಗ, ಚೆಂಡಿನ ವೇಗ, ಕ್ಯಾರಿ ಬರುತ್ತವೆ. ದಿಕ್ಕು, ಸ್ಪಿನ್ ಕೇಳಬೇಡಿ. ಕ್ಯಾರಿ ಅಂದಾಜಾದರೂ ವೇಗವನ್ನು ಅದು ಅಳೆದೇ ಹೇಳುತ್ತದೆ ಎಂಬ ಕಾರಣಕ್ಕೆ ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಗಾರ್ಮಿನ್ ಆರ್10 2021ರಲ್ಲಿ 600 ಡಾಲರ್‌ಗೆ ಬಂದು ಈ ಮಾರುಕಟ್ಟೆಯನ್ನೇ ಬದಲಿಸಿತು. ತಾರಸಿಯಲ್ಲೂ ರೇಂಜಿನಲ್ಲೂ ಎರಡೂ ಕಡೆ ಬಳಸುವವರಿಗೆ ಅದು ಹೊಂದುತ್ತದೆ, ಕಿಸೆಯಲ್ಲಿ ಹಿಡಿಯುವಷ್ಟು ಚಿಕ್ಕದು. ಎಂಎಲ್‌ಎಂ2ಪ್ರೋ 2023ರಲ್ಲಿ 700ಕ್ಕೆ ಬಂತು. ಗುರುತಿನ ಚೆಂಡು ಬಳಸಿ ಸ್ಪಿನ್ ನಿಜವಾಗಿ ನೋಡಬೇಕೆನ್ನುವವರಿಗೆ ಅದು. ಅದೇ ಬೆಲೆಗೆ 2024ರಲ್ಲಿ ಬಂದ ಸ್ಕ್ವೇರ್ ಪಕ್ಕದಲ್ಲಿ ಕೂರುವ ಕ್ಯಾಮೆರಾ, ಚಿಕ್ಕ ಕೋಣೆಯವರು ನೋಡಬೇಕಾದದ್ದು. 2014ರ ಸ್ಕೈಟ್ರ್ಯಾಕ್, ಆಮೇಲಿನ ಮೀವೋ ಪ್ಲಸ್ ಬಂದಾಗ ಸುಮಾರು 2,000 ಡಾಲರ್‌ನವು. ಅವನ್ನು 'ಅಗ್ಗ' ಎನ್ನಲು ನನಗೆ ಬಾಯಿ ಬರುವುದಿಲ್ಲ, ಆದರೆ ಹಳೆಯದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಬಿಡಬೇಡಿ.

ಬೆಲೆಯ ಚೀಟಿಯಲ್ಲಿ ಕಾಣದ ಖರ್ಚುಗಳಿವೆ. ಆರ್10ರ ಮೂಲ ಸಂಖ್ಯೆಗಳು ಉಚಿತ, ಪರದೆಯ ಮೇಲೆ ದೇಶವಿದೇಶದ ಕೋರ್ಸ್‌ಗಳಲ್ಲಿ ಆಡಬೇಕೆಂದರೆ ಚಂದಾ. ಕೆಲವು ಉಪಕರಣಗಳಲ್ಲಿ ಮೆಂಬರ್‌ಶಿಪ್ ಮುಗಿದರೆ ಹಿಂದೆ ಕಾಣುತ್ತಿದ್ದ ಸಂಖ್ಯೆಗಳೇ ಮಾಯ. ಗುರುತಿನ ಚೆಂಡುಗಳು ಸವೆಯುತ್ತವೆ, ಕಳೆಯುತ್ತವೆ, ಮತ್ತೆ ಕೊಳ್ಳಬೇಕು. ವಿದೇಶದಿಂದ ತರಿಸಿದರೆ ಸುಂಕ, ತೆರಿಗೆ ಸೇರಿ ಮೊತ್ತ ಬೆಳೆಯುತ್ತದೆ; ಅಮೆರಿಕದಲ್ಲಿರುವ ಮಗನೋ ಭಾವನೋ ಊರಿಗೆ ಬರುವಾಗ ತಂದುಕೊಟ್ಟರೆ ವಾರಂಟಿ ಇಲ್ಲಿ ನಡೆಯುತ್ತದೆಯೇ, ಆ್ಯಪ್‌ನ ಚಂದಾವನ್ನು ಇಲ್ಲಿಂದ ಕಟ್ಟಲು ಆಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ನಿಮ್ಮ ಫೋನಿನಲ್ಲಿ ಆ್ಯಪ್ ಓಡುತ್ತದೆಯೇ ಎಂಬುದನ್ನೂ.

ಮನೆಗೆ ತಂದ ಮೇಲೆ ಯಂತ್ರವನ್ನು ಪರೀಕ್ಷಿಸುವ ಸುಲಭದ ಉಪಾಯ ಸ್ಮ್ಯಾಶ್ ಫ್ಯಾಕ್ಟರ್. ಚೆಂಡಿನ ವೇಗವನ್ನು ಕ್ಲಬ್ಬಿನ ವೇಗದಿಂದ ಭಾಗಿಸಿದ ಸಂಖ್ಯೆ ಅದು. ನಿಯಮಕ್ಕೆ ಒಳಪಟ್ಟ ಡ್ರೈವರ್‌ನಲ್ಲಿ ಇದು 1.50ರ ಆಸುಪಾಸಿಗೆ ನಿಲ್ಲುತ್ತದೆ. ಸೆವೆನ್ ಐರನ್‌ನಲ್ಲಿ ಟೂರ್ ಆಟಗಾರರದೇ ಸುಮಾರು 1.33. ನಿಮ್ಮ ಪೆಟ್ಟಿಗೆ ಡ್ರೈವರ್‌ಗೆ 1.58 ತೋರಿಸಿದರೆ ಹಿಗ್ಗಬೇಡಿ, ಅದು ಕ್ಲಬ್ಬಿನ ವೇಗವನ್ನು ತಪ್ಪಾಗಿ ಓದಿದೆ. ಎರಡನೆಯದು ಗುರಿ. ಉಪಕರಣ ಎರಡು ಡಿಗ್ರಿ ಓರೆಯಾಗಿ ಕೂತರೆ 150 ಮೀಟರ್ ದೂರದಲ್ಲಿ ಐದು ಮೀಟರ್ ತಪ್ಪು ಬೀಳುತ್ತದೆ. ನೆಟ್ಟಗೆ ಹೊಡೆದದ್ದೆಲ್ಲ ಗ್ರೀನ್‌ನ ಅಂಚಿಗೆ ಹೋದಂತೆ ಕಾಣುತ್ತದೆ. ನೆಲದ ಮೇಲೆ ಒಂದು ದಾರ ಕಟ್ಟಿ ಸಾಲು ಹಿಡಿಯಿರಿ. ಮ್ಯಾಟ್ ದಪ್ಪವಿದ್ದರೆ ಪೆಟ್ಟಿಗೆಯನ್ನೂ ಅಷ್ಟೇ ಎತ್ತರಕ್ಕೆ ಏರಿಸಿ.

ಮ್ಯಾಟಿನ ಮೋಸ ಮಾತ್ರ ಯಾವ ಯಂತ್ರಕ್ಕೂ ಸಿಗುವುದಿಲ್ಲ. ಚೆಂಡಿಗಿಂತ ಒಂದು ಇಂಚು ಹಿಂದೆ ನೆಲಕ್ಕೆ ಬಡಿದರೆ ಹುಲ್ಲಿನಲ್ಲಿ ಕ್ಲಬ್ ಹೂತುಹೋಗುತ್ತದೆ. ಮ್ಯಾಟಿನ ಮೇಲೆ ಜಾರಿಕೊಂಡು ಹೋಗಿ ಚೆಂಡನ್ನು ಚೆನ್ನಾಗಿಯೇ ಹೊಡೆಯುತ್ತದೆ. ಪರದೆಯ ಮೇಲೆ 140 ಯಾರ್ಡ್. ಮೈದಾನದಲ್ಲಿ ಅದೇ ಸ್ವಿಂಗಿಗೆ ನೂರೂ ಬರಲಿಕ್ಕಿಲ್ಲ. ಪಟಿಂಗ್‌ಗೂ ಈ ಬೆಲೆಯ ಬಹುತೇಕ ಉಪಕರಣಗಳು ಪ್ರಯೋಜನಕ್ಕೆ ಬಾರವು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದಾಗ ಅವರ ಬಲವಿದ್ದದ್ದು ಡ್ರೈವ್‌ನ ದೂರದಲ್ಲಲ್ಲ, ಪಟರ್‌ನಲ್ಲಿ. ದಿನವೂ ಡ್ರೈವರ್‌ನ ಮೈಲಿ ನೋಡುತ್ತ ಕೂರುವವರು ಹಾಲ್‌ನಲ್ಲಿ ಒಂದು ಕಾರ್ಪೆಟ್ ಹಾಸಿಕೊಳ್ಳುವುದೂ ಒಳ್ಳೆಯದು.

ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಊರಿನ ಎತ್ತರ ತುಂಬುವ ಜಾಗವಿದೆಯೇ ನೋಡಿ. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಇಲ್ಲಿಯ ಗಾಳಿ ಕರಾವಳಿಯದಕ್ಕಿಂತ ಶೇ. 8-9ರಷ್ಟು ತೆಳು, ಚೆಂಡು ಶೇ. 3ರಿಂದ 4ರಷ್ಟು ಹೆಚ್ಚು ದೂರ ಹೋಗುತ್ತದೆ. ಸಮುದ್ರಮಟ್ಟದ ಲೆಕ್ಕದಲ್ಲೇ ಬಿಟ್ಟರೆ ತಾರಸಿಯ ಮೇಲೆ 145 ಎಂದು ತೋರಿಸಿದ ಸೆವೆನ್ ಐರನ್, ದೊಮ್ಮಲೂರಿನ ಬಳಿಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ (ಕೆಜಿಎ) ಕೋರ್ಸಿನಲ್ಲಿ 150 ಹೋಗಿ ಗ್ರೀನ್‌ನ ಹಿಂದೆ ಬೀಳುತ್ತದೆ. ಎತ್ತರ ತುಂಬಿ 150 ಎಂದು ಗಟ್ಟಿ ಮಾಡಿಕೊಂಡವರು ಮಂಗಳೂರಿನ ಪಿಲಿಕುಳಕ್ಕೆ ಆಡಲು ಹೋಗುವಾಗ ಸೊನ್ನೆ ಮೀಟರ್ ಎಂದು ಬದಲಿಸಿ ಒಮ್ಮೆ ನೋಡಿಕೊಳ್ಳಲಿ. ಅಲ್ಲಿ ಅದೇ ದೂರಕ್ಕೆ ಸಿಕ್ಸ್ ಐರನ್ ಬೇಕಾಗಬಹುದು.