ವಿಷಕ್ಕೆ ಮದ್ದು ಎಂದರೇನು?

'ಮದ್ದು' ಎಂಬುದು ನಮ್ಮಲ್ಲಿ ಎರಡು ಮುಖವುಳ್ಳ ಮಾತು. ರೋಗಿಗೆ ಕೊಡುವುದೂ ಮದ್ದೇ. ಅನ್ನದಲ್ಲಿ ಗುಟ್ಟಾಗಿ ಬೆರೆಸುವರೆಂದು ಜನರು ಅಂಜುವುದೂ ಮದ್ದೇ. ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ಸಹ ನೀವು 'ಔಷಧಿ' ಎಂದೇ ಕರೆಯುತ್ತೀರಿ. ಹೀಗಿರುವಾಗ ಮನೆಯ ಮಗುವಿಗೆ ಯಾವುದು ಯಾವುದೆಂದು ತಿಳಿಯುವುದು ಹೇಗೆ?

ವಿಷವನ್ನು ಪರಿಹರಿಸುವ ಮದ್ದಿಗೆ ಹಿರಿಯರು 'ಅಗದ' ಎಂಬ ಬೇರೆ ಹೆಸರನ್ನೇ ಇಟ್ಟಿದ್ದರು. 'ಗದ'ವೆಂದರೆ ರೋಗ, ಅದನ್ನು ಇಲ್ಲವಾಗಿಸುವುದು ಅಗದ. ಆಯುರ್ವೇದದ ಎಂಟು ಅಂಗಗಳಲ್ಲಿ ಅಗದತಂತ್ರವೂ ಒಂದು. ಇಂದು ಆಸ್ಪತ್ರೆಗಳಲ್ಲಿ ನಾವು ಬಳಸುವ ಮಾತು 'ಪ್ರತಿವಿಷ'.

ಎಲ್ಲ ವಿಷಗಳಿಗೂ ಸಲ್ಲುವ ಒಂದೇ ಪ್ರತಿವಿಷವಿಲ್ಲ. ಬೀಗಕ್ಕೆ ತಕ್ಕ ಕೀಲಿಕೈಯಿರುವಂತೆ ಒಂದೊಂದಕ್ಕೆ ಒಂದೊಂದು. ಹಾವಿನ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ನಿರೋಧಕ ಅಂಶದಿಂದ ಹಾವಿನ ಪ್ರತಿವಿಷವನ್ನು ತಯಾರಿಸುತ್ತಾರೆ. ನಮ್ಮ ದೇಶದಲ್ಲಿ ದೊರೆಯುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ವಿಷಕ್ಕೆ ಸಲ್ಲುತ್ತದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು. ನೋವಾಗಲಿ ಬಾವಾಗಲಿ ಅಷ್ಟಾಗಿ ಇರದು. ಬೆಳಗಿನ ಜಾವ ಹೊಟ್ಟೆನೋವು ಬಂದು, ರೆಪ್ಪೆಗಳು ತಾವಾಗಿ ಜೋತುಬಿದ್ದರೆ, ಬೇರು ತೇಯುತ್ತಲೋ ಮಂತ್ರ ಹಾಕಿಸುತ್ತಲೋ ಹೊತ್ತು ಕಳೆಯಬೇಡಿರಿ. ಹಗ್ಗ ಬಿಗಿಯಬೇಡಿರಿ, ಗಾಯ ಕೊಯ್ಯಬೇಡಿರಿ. ಕಚ್ಚಿದ ಅಂಗವನ್ನು ಅಲುಗಿಸದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ. ೧೦೮ಕ್ಕೆ ಕರೆಮಾಡಿದರೆ ವಾಹನ ಬರುತ್ತದೆ. ಕರ್ನಾಟಕದಲ್ಲಿ ೨೦೨೪ರಿಂದ ಪ್ರತಿಯೊಂದು ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು.

ಕೀಟನಾಶಕಗಳ ಮಾತು ಬೇರೆ. ಹಲವು ಕೀಟನಾಶಕಗಳಿಗೆ 'ಅಟ್ರೋಪಿನ್' ಪ್ರತಿವಿಷ. ಸ್ವತಃ ಅದೂ ಅಳತೆ ಮೀರಿದರೆ ವಿಷವೇ. 'ಪ್ಯಾರಾಕ್ವಾಟ್' ಎಂಬ ಕಳೆನಾಶಕಕ್ಕಾದರೋ ಇಂದಿಗೂ ಪ್ರತಿವಿಷವಿಲ್ಲ. ಆದುದರಿಂದ ರೋಗಿಯೊಡನೆ ಡಬ್ಬಿಯನ್ನೂ ತನ್ನಿರಿ. ಡಬ್ಬಿಯಿಲ್ಲದೆ ಬಂದ ರೋಗಿಯ ಮುಂದೆ, ಯಾವ ವಿಷವೆಂದು ತಿಳಿಯದೆ ನಾನು ನಿಂತದ್ದುಂಟು. ಚೀಟಿಯ ಮೇಲಿನ ಬಣ್ಣದ ಗುರುತಿನಲ್ಲಿ ಕೆಂಪು ಅತ್ಯುಗ್ರ ವಿಷವನ್ನು ಸೂಚಿಸುತ್ತದೆ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ ವಿಷವನ್ನು. ಹಸಿರೆಂದರೆ ಕುಡಿಯಬಹುದೆಂದಲ್ಲ! ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿರಿ; ವಿಷವು ಶ್ವಾಸಕೋಶಕ್ಕೆ ಇಳಿದೀತು.

ಉಳಿದ ಕೀಟನಾಶಕವನ್ನು ಷರಬತ್ತಿನ ಸೀಸೆಗೆ ಸುರಿದಿಡದೆ, ಅದರ ಡಬ್ಬಿಯಲ್ಲಿಯೇ ಬೀಗ ಹಾಕಿ ಇಡಿರಿ. ಮಕ್ಕಳೆದುರಿಗೆ ಅದನ್ನು 'ಔಷಧಿ' ಎನ್ನದೆ 'ವಿಷ'ವೆಂದೇ ಕರೆಯಿರಿ.