‘ಟ್ಯಾಂಕ್’ ಮತ್ತು ಕೆರೆ: ಒಂದು ಶಬ್ದದ ಸಂಚಾರ

ತುಂಗಭದ್ರೆಯ ದಡದ ಹಲವಾಗಲಿನಿಂದ ಕೊಟ್ಟೂರು, ಕೂಡ್ಲಿಗಿಗಳ ಕಡೆಗೆ ಸಾಗಿದಂತೆ ನದಿಯ ಆಸರೆ ತಪ್ಪಿ, ಮಳೆಯ ನೀರನ್ನು ತಡೆದು ನಿಲ್ಲಿಸುವ ಕೆರೆಯೇ ಬದುಕಿಗೆ ಆಧಾರವಾಗುತ್ತದೆ. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ, ಕಂಚಿಕೆರೆಗಳಂತಹ ಊರುಗಳು ಈ ಆಧಾರವನ್ನು ಹೆಸರಿನಲ್ಲೇ ಉಳಿಸಿಕೊಂಡಿವೆ. ಇದೇ ಸೀಮೆಯ ಆಡಳಿತದ ಇಂಗ್ಲಿಷ್ ಕಡತಗಳಲ್ಲಿ ಕೆರೆಗೆ ಸಂದ ಹೆಸರು ‘ಟ್ಯಾಂಕ್’.

ಈ ಪುಟ್ಟ ಶಬ್ದದ ಮೂಲವನ್ನು ಕುರಿತು ಎರಡು ಅಭಿಪ್ರಾಯಗಳಿವೆ. ನೀರಿನ ಸಂಗ್ರಹಕ್ಕೆ ಪಶ್ಚಿಮ ಭಾರತದಲ್ಲಿ ಬಳಕೆಯಲ್ಲಿರುವ ಗುಜರಾತಿಯ ‘ಟಾಂಕು’, ಮರಾಠಿಯ ‘ಟಾಕೆ’ ಎಂಬ ಶಬ್ದಗಳಿಂದ ಅದು ಬಂದಿತೆಂಬುದು ಒಂದು. ತಡೆದು ನಿಲ್ಲಿಸುವ ಅರ್ಥವುಳ್ಳ ಕ್ರಿಯಾಪದಕ್ಕೆ ಸಂಬಂಧಿಸಿದ ಪೋರ್ಚುಗೀಸ್ ‘ಟಾಂಕೆ’ಯಿಂದ ಬಂದಿತೆಂಬುದು ಇನ್ನೊಂದು. 1886ರಲ್ಲಿ ಪ್ರಕಟವಾದ ಯೂಲ್ ಮತ್ತು ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’ ಕೋಶ ಈ ಎರಡೂ ಮೂಲಗಳನ್ನು ಚರ್ಚಿಸಿದೆ. ಕರಾವಳಿಯ ವ್ಯಾಪಾರದಲ್ಲಿ ಎರಡೂ ಶಬ್ದಗಳು ಬೆರೆತಿರುವ ಸಂಭವವೇ ಹೆಚ್ಚು.

ಹಳಗನ್ನಡದ ‘ಕೆಱೆ’ಗೆ ತೆಲುಗಿನ ‘ಚೆರುವು’ ಸಜಾತಿ ಶಬ್ದ. ತಡೆ, ಅಣೆ, ಬಂಧನ ಎಂಬ ಅರ್ಥಗಳುಳ್ಳ ತಮಿಳಿನ ‘ಚಿಱೈ’ಯೂ ಇದೇ ಗುಂಪಿಗೆ ಸೇರುತ್ತದೆಂದು ದ್ರಾವಿಡ ಭಾಷಾವಿಜ್ಞಾನಿಗಳು ಗುರುತಿಸುತ್ತಾರೆ. ಹೀಗೆ ಪೋರ್ಚುಗೀಸ್ ಶಬ್ದದ ಹಿಂದಿರುವ ‘ನೀರನ್ನು ತಡೆ’ ಎಂಬ ಕಲ್ಪನೆಯೇ ಕೆರೆಯ ಹಿಂದೆಯೂ ಇದೆ.

ಬಳ್ಳಾರಿ ಸೀಮೆ 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಆ ಬಳಿಕ ಕೆರೆ, ಕಟ್ಟೆ, ಕುಂಟೆ, ಪುಷ್ಕರಣಿಗಳು ಇಂಗ್ಲಿಷ್ ಬರವಣಿಗೆಯಲ್ಲಿ ಬಹುಮಟ್ಟಿಗೆ ಒಂದೇ ಶಬ್ದದಡಿ ಸೇರಿಹೋದವು. ಜನಪದರಿಗೆ ಇವು ಬೇರೆ ಬೇರೆ. ಕೆರೆ ಹೊಲಗದ್ದೆಗೆ ನೀರುಣಿಸುವಂಥದು, ಕಟ್ಟೆ, ಕುಂಟೆಗಳು ಚಿಕ್ಕವು, ದನಕರುಗಳಿಗೆ ಒದಗುವಂಥವು, ಪುಷ್ಕರಣಿ ದೇವಾಲಯದ್ದು. ಕೆರೆಯೊಂದಕ್ಕೇ ಏರಿ, ತೂಬು, ಕೋಡಿ, ಅಂಗಳಗಳೆಂಬ ಅಂಗಗಳಿವೆ. ನೀರು ಹಂಚುವ ನೀರಗಂಟಿಯಿದ್ದಾನೆ. ಕೆರೆಯನ್ನು ಕಟ್ಟಿ ಕಾಪಾಡಿದವರಿಗೆ ಸಲ್ಲುತ್ತಿದ್ದ ದಶಬಂಧ ಇನಾಮು ಇದೆ. ಕೋಡಿ ಬಿದ್ದಾಗ ಗಂಗೆಪೂಜೆ ಮಾಡಿ ಬಾಗಿನ ಅರ್ಪಿಸುವ ಆಚರಣೆಯಿದೆ. ಈ ಸಂಬಂಧಗಳಾವುವೂ ‘ಟ್ಯಾಂಕ್’ ಎಂಬ ಶಬ್ದದಲ್ಲಿ ಅಡಕವಾಗಿಲ್ಲ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಕೃಷ್ಣದೇವರಾಯನ ಕಾಲದ ಕೆರೆಯೊಂದರ ನಿರ್ಮಾಣವನ್ನು ವರ್ಣಿಸುತ್ತ, ಅದು ಒಡೆದಾಗ ನರಬಲಿ ನಡೆದುದನ್ನು ದಾಖಲಿಸಿದ್ದಾನೆ. ನೀರು ಬಾರದ ಕೆರೆಗೆ ಕಿರಿಯ ಸೊಸೆ ಭಾಗೀರಥಿ ಆಹುತಿಯಾಗುವ ‘ಕೆರೆಗೆ ಹಾರ’ ಕಥನಗೀತೆಯ ಹಿಂದೆ ಇಂತಹ ನಂಬಿಕೆಯ ನೆರಳಿದೆ. ಪ್ರವಾಸಿಯ ಬರಹ ಅರಸನ ಆಜ್ಞೆಯನ್ನು ಹೇಳಿದರೆ, ಗೀತೆ ಬಲಿಯಾದವಳ ಸಂಕಟವನ್ನು ಹೇಳುತ್ತದೆ.

ಇಂಗ್ಲಿಷಿನಲ್ಲಿ ಈ ಶಬ್ದ ಮುಂದೆ ಮತ್ತೊಂದು ಅರ್ಥ ಪಡೆಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ತಮ್ಮ ಉಕ್ಕಿನ ಯುದ್ಧವಾಹನದ ಗುಟ್ಟು ಬಯಲಾಗದಿರಲೆಂದು ಅದನ್ನು ನೀರಿನ ತೊಟ್ಟಿಯೆಂಬಂತೆ ‘ಟ್ಯಾಂಕ್’ ಎಂದು ಕರೆದರು. ಅದು ಮೊದಲು ರಣರಂಗಕ್ಕಿಳಿದದ್ದು 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೋಮ್ ಕದನದಲ್ಲಿ.

ಕನ್ನಡದ ಆಡುಮಾತು ಈ ಶಬ್ದವನ್ನು ಸ್ವೀಕರಿಸಿದರೂ ಅದರ ಎಲ್ಲೆಯನ್ನು ತಾನೇ ನಿರ್ಧರಿಸಿತು. ಎತ್ತರದ ನೀರಿನ ತೊಟ್ಟಿ ‘ಟ್ಯಾಂಕು’ ಅಥವಾ ‘ಟಾಕಿ’ಯಾಯಿತು, ಕೆರೆ ಕೆರೆಯಾಗಿಯೇ ಉಳಿಯಿತು. ಆದರೆ ನಲ್ಲಿ, ಕೊಳವೆಬಾವಿಗಳು ಬಂದಂತೆ ಕೆರೆಯ ಸುತ್ತಲಿನ ಶಬ್ದಗಳು ನಿತ್ಯದ ಬಳಕೆಯಿಂದ ಸರಿಯುತ್ತಿವೆ. ಶಬ್ದದೊಡನೆ ನೀರು ಹಂಚಿಕೆಯ ಕಟ್ಟುಪಾಡಿನ ನೆನಪೂ ಅಳಿಯುತ್ತದೆ. ಆದ್ದರಿಂದ ಈ ಪದಸಂಪತ್ತನ್ನು ಬಲ್ಲ ಹಿರಿಯರಿಂದ ಊರೂರಿನಲ್ಲಿ ಸಂಗ್ರಹಿಸುವುದು ನಿಘಂಟು ರಚನೆಗೆ ಮಾತ್ರವಲ್ಲ, ಕೆರೆಗಳ ಪುನರುಜ್ಜೀವನಕ್ಕೂ ಅಗತ್ಯವಾದ ಕಾರ್ಯವಾಗಿದೆ.